ವರ್ಷಗಟ್ಟಲೆ ಉಳಿಯಬೇಕಾದ ಪ್ರವಾಸ ಜಾಲತಾಣ: ಕೊಡಗಿನಲ್ಲಿದ್ದು ಕಟ್ಟುವವರಿಗೆ ಯಾವ ದಾರಿ ಸೂಕ್ತ?

ಕಾಫಿ ಕೊಯ್ಲು ಮುಗಿದ ಮೇಲೆ ಊರೂರು ಸುತ್ತಿ ಬರುವ ಬೆಳೆಗಾರರು, ಸೇನೆಯಲ್ಲಿದ್ದು ದೇಶದ ನಾಲ್ಕು ದಿಕ್ಕುಗಳನ್ನೂ ಕಂಡು ನಿವೃತ್ತರಾಗಿ ಮರಳಿದವರು, ರಜೆ ಸಿಕ್ಕಾಗಲೆಲ್ಲ ತಡಿಯಂಡಮೋಳ್, ಕೋಟೆಬೆಟ್ಟ ಹತ್ತುವ ಶಿಕ್ಷಕರು ಮತ್ತು ವಿದ್ಯಾರ್ಥಿಗಳು, ಹೀಗೆ ಕೊಡಗಿನಲ್ಲಿ ಪ್ರವಾಸದ ಟಿಪ್ಪಣಿ ಮತ್ತು ಚಿತ್ರಗಳನ್ನು ಕೂಡಿಟ್ಟವರಿಗೆ ಕೊರತೆಯಿಲ್ಲ. ಆದರೆ ಆ ಸಂಗ್ರಹದ ಬಹುಪಾಲು ಮೊಬೈಲಿನಲ್ಲೋ ವಾಟ್ಸ್ಆ್ಯಪ್ ಗುಂಪುಗಳಲ್ಲೋ ಚದುರಿಹೋಗಿರುತ್ತದೆ ಮತ್ತು ಫೋನು ಬದಲಾದಾಗ ಕೈಬಿಟ್ಟುಹೋಗುತ್ತದೆ. ಇದನ್ನೆಲ್ಲ ಒಂದು ಸ್ವಂತ ಜಾಲತಾಣದಲ್ಲಿ ಒಟ್ಟುಗೂಡಿಸಿ ವರ್ಷದಿಂದ ವರ್ಷಕ್ಕೆ ಬೆಳೆಸಬೇಕೆಂದು ಬಯಸುವವರು ಮೊದಲು ಕೇಳುವುದು, ಯಾವುದರಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು. ಇಂದು ಲಭ್ಯವಿರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಬರಹದ ಉದ್ದೇಶ.

ಸೌಲಭ್ಯಗಳ ಪಟ್ಟಿಯನ್ನೋ ಥೀಮ್‌ಗಳ ಅಂದವನ್ನೋ ನೋಡಿ ಆಯ್ಕೆ ಮಾಡುವುದು ರೂಢಿ. ಆದರೆ ಜಾಲತಾಣ ಕಟ್ಟುವುದು ಕೆಲವೇ ವಾರಗಳ ಕೆಲಸ, ಅದನ್ನು ನೋಡಿಕೊಳ್ಳಬೇಕಾದದ್ದು ಹತ್ತು ಹದಿನೈದು ವರ್ಷ. ಹೀಗಾಗಿ ಆಯ್ಕೆಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಬರಹ, ಚಿತ್ರ, ವಿಳಾಸ ಮೂರನ್ನೂ ಇಲ್ಲಿಂದ ಎತ್ತಿಕೊಂಡು ಬೇರೆಡೆಗೆ ಹೋಗಲು ಸಾಧ್ಯವೇ? ಎರಡು ವರ್ಷ ಮುಟ್ಟದೆ ಬಿಟ್ಟರೂ ಅದು ತೆರೆದುಕೊಳ್ಳುತ್ತದೆಯೇ? ಮೂರನೆಯದು ಕೊಡಗಿನವರು ವಿಶೇಷವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ. ನಮ್ಮಲ್ಲಿ ತಿರುಗಾಟಕ್ಕೆ ಬಿಡುವು ಸಿಗುವುದು ಬೇಸಿಗೆಯಲ್ಲಿ, ಕುಳಿತು ಬರೆಯಲು ಬಿಡುವು ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ. ಕರೆಂಟು ಹೋಗಿ, ಟವರ್ ನಿಂತು, ದಿನಗಟ್ಟಲೆ ನೆಟ್‌ವರ್ಕ್ ಇಲ್ಲದಿರುವುದೂ ಅದೇ ತಿಂಗಳುಗಳಲ್ಲಿ. ಇಂಟರ್ನೆಟ್ ಇಲ್ಲದಾಗಲೂ ಬರೆಯುವ ಕೆಲಸ ಮುಂದುವರಿಯುತ್ತದೆಯೇ ಎಂಬುದು ಬೆಂಗಳೂರಿನವರಿಗೆ ಸಣ್ಣ ವಿಷಯವಾಗಿರಬಹುದು, ಭಾಗಮಂಡಲದವರಿಗೆ ಅಲ್ಲ.

ಮೊದಲ ಪ್ರಶ್ನೆಯ ಮಹತ್ವಕ್ಕೆ ಅಂತರಜಾಲದ ಇತಿಹಾಸವೇ ಸಾಕ್ಷಿ. ಅಸಂಖ್ಯ ಜನರ ವೈಯಕ್ತಿಕ ಪುಟಗಳಿಗೆ ಮನೆಯಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಭೂಪಟದ ಮೇಲೆ ಸ್ಥಳಗಳ ಚಿತ್ರ ತೋರಿಸುತ್ತಿದ್ದ ಪನೋರಮಿಯೊ 2016ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ನಿಂತುಹೋದವು. ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಜಾಲತಾಣಗಳಲ್ಲಿ ತೋರಿಸುವುದಕ್ಕೆ ಫೋಟೊಬಕೆಟ್ 2017ರಲ್ಲಿ ವರ್ಷಕ್ಕೆ 399 ಡಾಲರ್ ಶುಲ್ಕ ವಿಧಿಸಿದಾಗ, ಹಣ ಕಟ್ಟದವರ ಪುಟಗಳಲ್ಲಿ ಚಿತ್ರಗಳ ಜಾಗಕ್ಕೆ ಸೂಚನಾಫಲಕ ಬಂದು ಕುಳಿತಿತು. ಫ್ಲಿಕರ್ 2018ರ ಕೊನೆಯಲ್ಲಿ ಉಚಿತ ಖಾತೆಗಳಿಗೆ 1000 ಚಿತ್ರಗಳ ಮಿತಿ ಘೋಷಿಸಿತು. ಇವೆಲ್ಲ ಆಯಾ ಸಂಸ್ಥೆಗಳು ತಮ್ಮ ವ್ಯವಹಾರಕ್ಕೆ ತಕ್ಕಂತೆ ಕೈಗೊಂಡ ತೀರ್ಮಾನಗಳು. ಪ್ರವಾಸ ಕಥನ ಬರೆದಿಟ್ಟವರಿಗೆ ಅದರಲ್ಲಿ ಯಾವ ಮಾತೂ ಇರಲಿಲ್ಲ.

ಕನ್ನಡದಲ್ಲಿ ಬರೆದವರು ಇನ್ನೊಂದು ಬಗೆಯ ನಷ್ಟವನ್ನೂ ಅನುಭವಿಸಿದ್ದಾರೆ. ಎಲ್ಲ ಯಂತ್ರಗಳೂ ಕನ್ನಡವನ್ನು ಒಂದೇ ಬಗೆಯಲ್ಲಿ ಗುರುತಿಸುವಂತೆ ಮಾಡಿದ ಯೂನಿಕೋಡ್ ಸಂಕೇತ ರೂಢಿಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪುಟಗಳನ್ನು ಈಗ ತೆರೆದರೆ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಷ್ಟೇ ಕಾಣುತ್ತವೆ. ಹಳೆಯ ಡಿಟಿಪಿ ಕಡತಗಳಲ್ಲಿ ಪ್ರವಾಸ ಬರಹಗಳಿದ್ದರೆ, ಯಾವ ದಾರಿ ಹಿಡಿದರೂ ಸರಿ, ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿಕೊಳ್ಳಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳು ಮತ್ತು ಸಿದ್ಧ ಬಿಲ್ಡರ್‌ಗಳು

ಈ ಎರಡನ್ನೂ ಬೇಗನೆ ಮುಗಿಸಬಹುದು. ಸಾಮಾಜಿಕ ಮಾಧ್ಯಮದಲ್ಲಿ ಓದುಗರು ಸುಲಭವಾಗಿ ಸಿಗುತ್ತಾರೆ, ಖರ್ಚಿಲ್ಲ, ಮೊಬೈಲೊಂದಿದ್ದರೆ ಸಾಕು. ಆದರೆ ಮೂರು ವರ್ಷದ ಹಿಂದೆ ಬರೆದ ಇರ್ಪು ಜಲಪಾತದ ವಿವರ ಬೇಕೆಂದರೆ ಬರೆದವರಿಗೇ ಹುಡುಕಿ ತೆಗೆಯುವುದು ಕಷ್ಟ, ಇನ್ನು ಓದುಗರ ಪಾಡು ಹೇಳಬೇಕಿಲ್ಲ. ಅಲ್ಲಿ ಹಾಕಿದ ಚಿತ್ರಗಳು ಕುಗ್ಗಿಸಲ್ಪಡುತ್ತವೆ. ಎಲ್ಲಿ, ಎಂದು ತೆಗೆದದ್ದು ಎಂಬ ಮಾಹಿತಿಯೂ ಅವುಗಳಿಂದ ಕಳಚಿಹೋಗುತ್ತದೆ. ಹೊಸ ಬರಹ ಬಂದಿದೆ ಎಂದು ತಿಳಿಸಲು ಈ ಪುಟಗಳನ್ನು ಬಳಸಬಹುದು, ಬರಹವನ್ನು ಕಾಪಾಡಿಡಲು ಬಳಸಬಾರದು.

ವಿಕ್ಸ್‌ನಂಥ ಸಿದ್ಧ ಬಿಲ್ಡರ್‌ಗಳಲ್ಲಿ ಎಳೆದು ಬಿಟ್ಟರೆ ಪುಟ ಸಿದ್ಧವಾಗುತ್ತದೆ ಮತ್ತು ನೋಡಲು ಅಂದವಾಗಿಯೂ ಇರುತ್ತದೆ. ಹೋಂಸ್ಟೇ ನಡೆಸುವವರಿಗೆ, ಅಂದರೆ ಆರೇಳು ಪುಟ ಸಾಕೆನ್ನುವವರಿಗೆ, ಇದು ತಕ್ಕ ಆಯ್ಕೆಯೇ. ಆದರೆ ವಿಕ್ಸ್‌ನಲ್ಲಿ ಕಟ್ಟಿದ ಜಾಲತಾಣವನ್ನು ಇಡಿಯಾಗಿ ಹೊರತೆಗೆದು ಬೇರೆ ಕಂಪನಿಯ ಬಾಡಿಗೆ ಸರ್ವರಿನಲ್ಲಿ, ಅಂದರೆ ಬೇರೆ ಹೋಸ್ಟಿಂಗ್‌ನಲ್ಲಿ ಇಡಲು ಬರುವುದಿಲ್ಲ. ನೂರಾರು ಪುಟಗಳಿಗೆ ಬೆಳೆಯುವ ಪ್ರವಾಸ ಸಂಗ್ರಹಕ್ಕೆ ಈ ಒಂದು ಕಾರಣದಿಂದಲೇ ಅದನ್ನು ನಾನು ಸೂಚಿಸುವುದಿಲ್ಲ.

ಬ್ಲಾಗರ್

ಬ್ಲಾಗರ್ ಶುರುವಾದದ್ದು 1999ರಲ್ಲಿ. 2003ರಿಂದ ಅದು ಗೂಗಲ್ ಕೈಯಲ್ಲಿದೆ. ಹಳೆಯದಾಯಿತು, ಅಂದವಿಲ್ಲ ಎಂದು ಇದನ್ನು ತಳ್ಳಿಹಾಕುವವರು ಹೆಚ್ಚು, ಆದರೆ ಉಚಿತ ಸೇವೆಗಳಲ್ಲಿ ಇಷ್ಟು ವರ್ಷ ಬಾಳಿದ್ದು ಅಪರೂಪ. ಸ್ವಂತ ಡೊಮೈನ್, ಅಂದರೆ ನಮ್ಮದೇ ಹೆಸರಿನ ಜಾಲವಿಳಾಸ, ಜೋಡಿಸಲು ಇಲ್ಲಿ ಶುಲ್ಕವಿಲ್ಲ. ಜೋಡಿಸಿದ ಮೇಲೆ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದ ಓದುಗರು ತಾವಾಗಿಯೇ ಹೊಸ ವಿಳಾಸಕ್ಕೆ ತಲುಪುತ್ತಾರೆ. ವರ್ಷಗಟ್ಟಲೆ ಮುಟ್ಟದಿದ್ದರೂ ಪುಟಗಳು ತೆರೆದುಕೊಳ್ಳುತ್ತವೆ, ಅಪ್‌ಡೇಟ್ ಮಾಡುವ ಹೊಣೆಯೂ ನಮ್ಮದಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಸ್ವಂತ ಡೊಮೈನ್ ಜೋಡಿಸಬೇಕೆಂದರೆ ಹಣ ಕಟ್ಟಬೇಕು, ಉಚಿತವಾಗಿಯೇ ಇಟ್ಟರೆ ಅವರ ಜಾಹೀರಾತುಗಳು ಪುಟದಲ್ಲಿ ಬರುತ್ತವೆ. ಆ ಕಾರಣಕ್ಕೆ ಉಚಿತ ವರ್ಗದಲ್ಲಿ ನನ್ನ ಒಲವು ಬ್ಲಾಗರ್ ಕಡೆಗೆ.

ಆದರೂ ಎರಡು ವಿಷಯಗಳನ್ನು ಮೊದಲೇ ತಿಳಿದಿರಬೇಕು. ಬ್ಲಾಗರ್ ಕೊಡುವ ಬ್ಯಾಕಪ್‌ನಲ್ಲಿ ಬರಹಗಳು ಸಿಗುವುದು ಒಂದು ಎಕ್ಸ್‌ಎಂಎಲ್ ಕಡತವಾಗಿ. ಅದರಲ್ಲಿ ಬರಹವೆಲ್ಲ ಇರುತ್ತದೆ, ಚಿತ್ರಗಳ ಜಾಗದಲ್ಲಿ ಮಾತ್ರ ಗೂಗಲ್ ಸರ್ವರಿನ ವಿಳಾಸಗಳಿರುತ್ತವೆ, ಚಿತ್ರಗಳಿರುವುದಿಲ್ಲ. ಆ ಕಡತವೊಂದನ್ನೇ ಇಳಿಸಿಕೊಂಡು ನಿಶ್ಚಿಂತರಾಗಿ ಕೂರುವಂತಿಲ್ಲ. ಎರಡನೆಯದು ಖಾತೆಯ ಮಾತು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಬ್ಲಾಗಿಗೆಂದೇ ಬೇರೆ ಜಿಮೇಲ್ ತೆರೆದು ಮರೆತವರು ಈ ನಿಯಮವನ್ನು ಗಂಭೀರವಾಗಿ ಪರಿಗಣಿಸಬೇಕು. ದಿನನಿತ್ಯ ಬಳಸುವ ಖಾತೆಯನ್ನೂ ಆ ಬ್ಲಾಗಿಗೆ ನಿರ್ವಾಹಕನಾಗಿ ಸೇರಿಸಿಟ್ಟರೆ ಆ ಭಯ ಬಹುಮಟ್ಟಿಗೆ ದೂರವಾಗುತ್ತದೆ.

ಇನ್ನು ಶೀರ್ಷಿಕೆಯ ವಿಷಯ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಅದರಿಂದ ವಿಳಾಸ ರಚಿಸಲಾರದೆ ‘ಬ್ಲಾಗ್-ಪೋಸ್ಟ್’ ಎಂಬ ಹೆಸರಿನ ಮುಂದೆ ಒಂದು ಸಂಖ್ಯೆ ಹಾಕಿ ಮುಗಿಸುತ್ತದೆ. ಚೇಲಾವರದ ಪುಟಕ್ಕೂ ಚಿರಾಪುಂಜಿಯ ಪುಟಕ್ಕೂ ವಿಳಾಸದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಪ್ರಕಟಿಸುವ ಮುನ್ನ ಪರ್ಮಾಲಿಂಕ್ ಎಂಬಲ್ಲಿ ಊರಿನ ಹೆಸರನ್ನು ರೋಮನ್ ಅಕ್ಷರದಲ್ಲಿ ನಾವೇ ಬರೆದುಬಿಡುವುದು ಒಳಿತು, ಏಕೆಂದರೆ ಪ್ರಕಟವಾದ ಮೇಲೆ ಆ ವಿಳಾಸವನ್ನು ಬದಲಿಸಿದರೆ ಅದನ್ನು ಆಗಲೇ ಹಂಚಿಕೊಂಡವರಿಗೆ ಪುಟ ಸಿಗದೆ ಹೋಗುತ್ತದೆ.

ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್

ಜಾಲತಾಣ ಎಂದೊಡನೆ ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ಡಿಸೈನರ್‌ಗಳು ಮೊದಲು ಹೇಳುವ ಹೆಸರು ಇದೇ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ಸುಮಾರು ಐದರಲ್ಲಿ ಎರಡಕ್ಕೆ ಆಧಾರ. ಊರು, ವಿಷಯ, ಋತು ಹೀಗೆ ಬೇಕಾದಂತೆ ವರ್ಗೀಕರಿಸಬಹುದು, ಹುಡುಕುವ ಸೌಲಭ್ಯ ಇಡಬಹುದು, ಮೊಬೈಲಿನಿಂದಲೂ ಬರೆಯಬಹುದು, ಸಹಾಯ ಬೇಕೆಂದರೆ ಗೊತ್ತಿರುವವರು ಯಾರಾದರೂ ಸಿಗುತ್ತಾರೆ. ಎಲ್ಲವನ್ನೂ ಹೊರತೆಗೆದು ಬೇರೆ ಹೋಸ್ಟಿಂಗ್‌ಗೆ ಸಾಗಿಸುವುದೂ ಸಾಧ್ಯ. ಮೊದಲ ಪ್ರಶ್ನೆಯಲ್ಲಿ ಇದಕ್ಕೆ ಪೂರ್ಣ ಅಂಕ.

ಸೋಲುವುದು ಎರಡನೆಯ ಪ್ರಶ್ನೆಯಲ್ಲಿ. ವರ್ಡ್‌ಪ್ರೆಸ್ ಓಡುವುದು ಪಿಎಚ್‌ಪಿ ಎಂಬ ಭಾಷೆಯ ಮೇಲೆ, ಮತ್ತು ಆ ಭಾಷೆಯ ಒಂದೊಂದು ಆವೃತ್ತಿಗೂ ಆಯುಷ್ಯವಿದೆ. ಬಹುಕಾಲ ಬಳಕೆಯಲ್ಲಿದ್ದ 7.4ನೆಯ ಆವೃತ್ತಿಗೆ 2022ರ ನವೆಂಬರ್‌ನಲ್ಲಿ ಬೆಂಬಲ ನಿಂತಿತು. ಹೋಸ್ಟಿಂಗ್ ಕಂಪನಿ ತನ್ನ ಸರ್ವರನ್ನು 8ಕ್ಕೆ ಏರಿಸಿದ ದಿನ, ಹಳೆಯ ಥೀಮ್ ಅಥವಾ ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆಂದು ಸೇರಿಸುವ ಕಿರುತಂತ್ರಾಂಶ) ಹೊಂದಿಕೊಳ್ಳದಿದ್ದರೆ ಜಾಲತಾಣದ ಬದಲು ಬಿಳಿ ಪರದೆ ಅಥವಾ ದೋಷದ ಸಂದೇಶ ಕಾಣುತ್ತದೆ. ಅಪ್‌ಡೇಟ್ ಮಾಡದ ಪ್ಲಗಿನ್‌ಗಳ ಮೂಲಕ ನುಸುಳಿ ಜೂಜಿನ ಜಾಹೀರಾತು ತುಂಬಿಸುವವರ ಕಾಟ ಬೇರೆ. ಅದಕ್ಕಿಂತ ಮೆಲ್ಲಗೆ ಆಗುವ ಹಾನಿಯೊಂದಿದೆ. ಚಿತ್ರಮಾಲೆಗೆಂದು ಹಾಕಿದ ಪ್ಲಗಿನ್‌ನ ತಯಾರಕರು ಅದನ್ನು ಕೈಬಿಟ್ಟಾಗ, ನೀವು ಅದನ್ನು ತೆಗೆದುಹಾಕಿದ ಕ್ಷಣದಿಂದ ನಾಲ್ಕುನಾಡು ಅರಮನೆಯ ಇಪ್ಪತ್ತು ಚಿತ್ರಗಳಿದ್ದ ಜಾಗದಲ್ಲಿ, ಚೌಕ ಆವರಣದೊಳಗೆ ಗ್ಯಾಲರಿ ಎಂಬ ಪದವೂ ಒಂದು ಸಂಖ್ಯೆಯೂ ಇರುವ ಒಂದೇ ಸಾಲು ಉಳಿಯುತ್ತದೆ. ಚಿತ್ರಗಳು ಸರ್ವರಿನಲ್ಲೇ ಇರುತ್ತವೆ, ಯಾವ ಪುಟಕ್ಕೆ ಯಾವುದು ಎಂಬ ನಂಟು ಮಾತ್ರ ಕಡಿದುಹೋಗಿರುತ್ತದೆ. ಆದ್ದರಿಂದ ವರ್ಡ್‌ಪ್ರೆಸ್ ಆರಿಸಿಕೊಂಡವರು ಅದರಲ್ಲೇ ಅಂತರ್ಗತವಾಗಿರುವ ಚಿತ್ರಮಾಲೆಯನ್ನು ಬಳಸಿ, ಪ್ಲಗಿನ್‌ಗಳನ್ನು ಬ್ಯಾಕಪ್, ಭದ್ರತೆ ಮುಂತಾದ ಅಗತ್ಯಗಳಿಗೆ ಸೀಮಿತಗೊಳಿಸುವುದು ಕ್ಷೇಮ.

ಇಲ್ಲಿಯೂ ಕನ್ನಡ ಶೀರ್ಷಿಕೆಯ ತೊಡಕು ತಪ್ಪಿದ್ದಲ್ಲ. ವಿಳಾಸದೊಳಗೆ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗುತ್ತದೆ, ಕಾಗುಣಿತದ ಗುರುತುಗಳಿಗೂ ಬೇರೆಯೇ ಲೆಕ್ಕ. ವರ್ಡ್‌ಪ್ರೆಸ್ ಇದಕ್ಕೆ ಕೊಡುವ ಜಾಗ 200 ಚಿಹ್ನೆಗಳು ಮಾತ್ರ, ಆದ್ದರಿಂದ ಇಪ್ಪತ್ತೆರಡರ ಆಸುಪಾಸಿನಲ್ಲಿ ಶೀರ್ಷಿಕೆ ಕತ್ತರಿಸಿಹೋಗುತ್ತದೆ. ಬ್ಲಾಗರಿಗೆ ಹೇಳಿದ ಪರಿಹಾರವೇ ಇದಕ್ಕೂ ಅನ್ವಯ.

ಖರ್ಚಿನ ಬಗ್ಗೆ ಒಂದು ಮಾತು. ಹೋಸ್ಟಿಂಗ್ ಕಂಪನಿಗಳು ಜಾಹೀರಾತಿನಲ್ಲಿ ತೋರಿಸುವುದು ಮೊದಲ ಅವಧಿಯ ದರವನ್ನು. ನವೀಕರಣದ ದರ ಅದರ ಎರಡು ಮೂರು ಪಟ್ಟು ಇರುವುದು ಸಾಮಾನ್ಯ. ಹತ್ತು ವರ್ಷದ ಯೋಚನೆಯಿರುವವರು ನವೀಕರಣದ ದರವನ್ನೇ ಹೋಲಿಸಬೇಕು.

ಸ್ಥಿರ ಪುಟಗಳ ಜಾಲತಾಣ

ಕೊನೆಯ ದಾರಿ ಕಡಿಮೆ ಜನ ಬಲ್ಲದ್ದು, ನನಗೆ ಅತಿ ಹೆಚ್ಚು ಇಷ್ಟವಾದದ್ದು. ಇದರಲ್ಲಿ ಸರ್ವರಿನಲ್ಲಿ ಓಡುವ ತಂತ್ರಾಂಶವಾಗಲಿ ಡೇಟಾಬೇಸ್ ಆಗಲಿ ಇರುವುದಿಲ್ಲ. ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಒಂದೊಂದು ಸ್ಥಳಕ್ಕೂ ಒಂದೊಂದು ಸಾದಾ ಪಠ್ಯ ಕಡತ ಇರುತ್ತದೆ. ಕಡತದ ತಲೆಯಲ್ಲಿ ಶೀರ್ಷಿಕೆ, ದಿನಾಂಕ, ತಾಲ್ಲೂಕು ಎಂಬಂಥ ಮೂರ್ನಾಲ್ಕು ಸಾಲು, ಅದರ ಕೆಳಗೆ ಬರಹ. ಉಪಶೀರ್ಷಿಕೆ ಬೇಕಾದಲ್ಲಿ ಸಾಲಿನ ಮೊದಲು ಎರಡು ಹ್ಯಾಶ್ ಗುರುತು, ದಪ್ಪ ಅಕ್ಷರ ಬೇಕಾದಲ್ಲಿ ಆಚೀಚೆ ಎರಡೆರಡು ನಕ್ಷತ್ರ ಚಿಹ್ನೆ. ಇದಕ್ಕೆ ಮಾರ್ಕ್‌ಡೌನ್ ಎನ್ನುತ್ತಾರೆ. ಹ್ಯೂಗೊ ಅಥವಾ ಜೆಕಿಲ್‌ನಂಥ ತಂತ್ರಾಂಶ ಈ ಕಡತಗಳನ್ನೆಲ್ಲ ಓದಿ ಸಿದ್ಧ ಪುಟಗಳನ್ನು ತಯಾರಿಸುತ್ತದೆ. ಆ ಪುಟಗಳನ್ನು ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಮುಂತಾದ ಯಾವುದಾದರೂ ಸೇವೆಗೆ ಏರಿಸಿದರೆ ಮುಗಿಯಿತು. ವೈಯಕ್ತಿಕ ಬಳಕೆಯ ಪ್ರಮಾಣಕ್ಕೆ ಅವು ಹಣ ಕೇಳುವುದಿಲ್ಲ.

ಮೂರು ಪ್ರಶ್ನೆಗಳಿಗೂ ಇದರ ಉತ್ತರ ತೃಪ್ತಿಕರ. ಮೂಲ ಕಡತಗಳೆಲ್ಲ ನಮ್ಮ ಮನೆಯಲ್ಲೇ ಇರುವುದರಿಂದ ಒಂದು ಸೇವೆ ಮುಚ್ಚಿದರೆ ಅರ್ಧ ದಿನದಲ್ಲಿ ಇನ್ನೊಂದಕ್ಕೆ ಏರಿಸಬಹುದು. ಪುಟಗಳೊಳಗೆ ಓಡುವ ಯಂತ್ರವೇ ಇಲ್ಲದ್ದರಿಂದ ವರ್ಷಗಳ ಕಾಲ ಬಿಟ್ಟರೂ ಕೆಡುವುದಿಲ್ಲ, ನುಸುಳಿ ಬರುವವರಿಗೂ ಬಾಗಿಲಿಲ್ಲ. ಮಳೆಗಾಲದಲ್ಲಂತೂ ಇದರ ಉಪಕಾರ ಕಣ್ಣಿಗೆ ಕಾಣುತ್ತದೆ. ಬ್ರೌಸರಿನಲ್ಲಿ ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ಗಳ ಬರೆಯುವ ಪರದೆ ತೆರೆಯಬೇಕಾದರೇ ನೆಟ್‌ವರ್ಕ್ ಬೇಕು. ಇಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಬರೆದು, ಪುಟ ಹೇಗೆ ಕಾಣುತ್ತದೆ ಎಂಬುದನ್ನೂ ಅಲ್ಲೇ ನೋಡಿ, ನೆಟ್‌ವರ್ಕ್ ಬಂದಾಗ ಅಥವಾ ಸಂತೆಗೆಂದು ಕುಶಾಲನಗರಕ್ಕೋ ವಿರಾಜಪೇಟೆಗೋ ಹೋದಾಗ ಏರಿಸಬಹುದು. ಪಠ್ಯ ಕಡತಗಳು ಕೆಲವೇ ಕಿಲೊಬೈಟ್‌ಗಳಷ್ಟಿರುವುದರಿಂದ ದುರ್ಬಲ ಸಿಗ್ನಲ್‌ನಲ್ಲೂ ಹೋಗುತ್ತವೆ.

ತೊಂದರೆಗಳಿಲ್ಲದಿಲ್ಲ. ಮೊದಲ ವಾರದ ಕಲಿಕೆ ಕಠಿಣ. ಆಜ್ಞೆಗಳನ್ನು ಟೈಪ್ ಮಾಡುವುದು, ಕಡತಗಳ ಬದಲಾವಣೆಗಳನ್ನು ದಾಖಲಿಸಿ ಏರಿಸುವ ಗಿಟ್ ಎಂಬ ತಂತ್ರಾಂಶವನ್ನು ಬಳಸುವುದು ಎಲ್ಲರಿಗೂ ಒಗ್ಗುವುದಿಲ್ಲ. ಮೊಬೈಲಿನಿಂದ ಬರೆದು ಪ್ರಕಟಿಸುವುದು ಕಷ್ಟ. ಹ್ಯೂಗೊದ ಹೊಸ ಆವೃತ್ತಿಗಳಲ್ಲಿ ಹಳೆಯ ಥೀಮ್‌ಗಳು ಕೆಲಸ ಮಾಡದಿರುವುದುಂಟು. ಆದರೆ ಹ್ಯೂಗೊ ಒಂದೇ ಕಡತದ ತಂತ್ರಾಂಶವಾದ್ದರಿಂದ, ಕೆಲಸ ಮಾಡುತ್ತಿರುವ ಆವೃತ್ತಿಯನ್ನು ಬರಹದ ಫೋಲ್ಡರಿನ ಜೊತೆಗೇ ಉಳಿಸಿಟ್ಟುಕೊಂಡರೆ ಈ ಸಮಸ್ಯೆಯನ್ನು ವರ್ಷಗಳ ಕಾಲ ಮುಂದೂಡಬಹುದು. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಜಾಲತಾಣಕ್ಕೆ 1 ಜಿಬಿ ಮಿತಿಯಿದೆ. ಒಂದು ಚಿತ್ರವನ್ನು 300 ಕೆಬಿಗೆ ಇಳಿಸಿದರೆ ಮೂರು ಸಾವಿರ ಚಿತ್ರಗಳು ಅದರಲ್ಲಿ ಹಿಡಿಸುತ್ತವೆ.

ಇಷ್ಟನ್ನೂ ತೂಗಿ ನೋಡಿದರೆ ನನ್ನ ಸಲಹೆ ಇದು. ಕಂಪ್ಯೂಟರಿನಲ್ಲಿ ಹೊಸದನ್ನು ಕಲಿಯಲು ಉತ್ಸಾಹವಿರುವವರು, ಅಥವಾ ಮೊದಲ ವಾರ ಪಕ್ಕದಲ್ಲಿ ಕುಳಿತು ಹೇಳಿಕೊಡುವ ಮಗಳೋ ಸೋದರಳಿಯನೋ ಇರುವವರು ಸ್ಥಿರ ಪುಟಗಳ ದಾರಿ ಹಿಡಿಯಲಿ. ಹಾಗಲ್ಲದವರು ಸ್ವಂತ ಡೊಮೈನ್ ಜೋಡಿಸಿದ ಬ್ಲಾಗರಿನಿಂದ ಆರಂಭಿಸಲಿ, ಆದರೆ ಬರಹವನ್ನು ಮೊದಲು ತಮ್ಮ ಕಂಪ್ಯೂಟರಿನಲ್ಲೇ ಬರೆದು ಉಳಿಸಿಕೊಂಡು ಆಮೇಲೆ ಅಲ್ಲಿ ಅಂಟಿಸಲಿ. ವರ್ಡ್‌ಪ್ರೆಸ್ ಬೇಕಾಗುವುದು ಹಲವರು ಸೇರಿ ಬರೆಯುವ ಜಾಲತಾಣಕ್ಕೆ, ಅದೂ ತಿಂಗಳಿಗೊಮ್ಮೆ ಅಪ್‌ಡೇಟ್ ನೋಡಿಕೊಳ್ಳುವ ಒಬ್ಬರು ಖಚಿತವಾಗಿ ಇದ್ದಾಗ.

ದಿನಾಂಕದ ಸಾಲೋ, ಸ್ಥಳದ ಪುಟವೋ

ತಂತ್ರಾಂಶಕ್ಕಿಂತ ಹೆಚ್ಚು ಪರಿಣಾಮ ಬೀರುವ ಆಯ್ಕೆ ಇದು, ಮತ್ತು ಬಹಳ ಮಂದಿ ಇದನ್ನು ಆಯ್ಕೆಯೆಂದು ಗಮನಿಸುವುದೇ ಇಲ್ಲ. ಬ್ಲಾಗುಗಳೆಲ್ಲ ಹುಟ್ಟಿನಿಂದಲೇ ದಿನಾಂಕದ ಕ್ರಮದಲ್ಲಿರುತ್ತವೆ. ಹೊಸದು ಮೇಲೆ, ಹಳೆಯದು ಕೆಳಗೆ. ಪ್ರವಾಸ ಕಥನವನ್ನು ಅನುಭವವಾಗಿ ಬರೆಯುವವರಿಗೆ ಇದು ಸರಿ. ಆದರೆ ಓದುಗರು ಬರುವುದು ಸ್ಥಳದ ಹೆಸರು ಹುಡುಕಿಕೊಂಡು. ಒಂದೇ ಸ್ಥಳಕ್ಕೆ ಹಲವು ಬಾರಿ ಹೋಗಿ ಹಲವು ಬರಹ ಹಾಕಿದ್ದರೆ ಅವರಿಗೆ ಸಿಗುವುದು ಅವುಗಳಲ್ಲಿ ಯಾವುದೋ ಒಂದು, ಬಹುಶಃ ಅತ್ಯಂತ ಹಳೆಯದು.

ಕೊಡಗಿನ ಮಟ್ಟಿಗೆ ಹಳೆಯ ಮಾಹಿತಿ ನಿರುಪದ್ರವಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಭಾಗಗಳಲ್ಲಿ ಗುಡ್ಡಗಳು ಜರಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಬಂದ್ ಆಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಜೀವಹಾನಿಯಾಯಿತು. ಅದಕ್ಕೂ ಮುನ್ನ ಬರೆದ ‘ಮಳೆಗಾಲದಲ್ಲೇ ಹೋಗಬೇಕಾದ ಸ್ಥಳ’ ಎಂಬ ಉತ್ಸಾಹದ ಪುಟವನ್ನು ನಂಬಿ ಇಂದು ಜುಲೈನಲ್ಲಿ ಹೊರಡುವವರಿದ್ದಾರೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರೇ ತಾಲ್ಲೂಕುಗಳಿದ್ದ ಜಿಲ್ಲೆಗೆ ಈಗ ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿವೆ; ಹಳೆಯ ವರ್ಗೀಕರಣವೂ ತಪ್ಪಾಗುತ್ತದೆ.

ಆದ್ದರಿಂದ ಒಂದೊಂದು ಸ್ಥಳಕ್ಕೂ ಒಂದೇ ಶಾಶ್ವತ ಪುಟ ಇಟ್ಟು, ಪ್ರತಿ ಬಾರಿ ಹೋಗಿಬಂದ ಮೇಲೆ ಅದನ್ನೇ ತಿದ್ದುವುದು ಉತ್ತಮ. ಆ ಪುಟದೊಳಗೂ ಬದಲಾಗುವ ಮತ್ತು ಬದಲಾಗದ ಸಂಗತಿಗಳನ್ನು ಬೇರ್ಪಡಿಸಬೇಕು. ತಡಿಯಂಡಮೋಳ್ 1,748 ಮೀಟರ್ ಎತ್ತರವಿದೆ, ಕೊಡಗಿನ ಅತ್ಯುನ್ನತ ಶಿಖರವದು, ಹಾದಿ ಆರಂಭವಾಗುವುದು 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರನು ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ. ಈ ಮಾತುಗಳು ಇನ್ನೂ ಐವತ್ತು ವರ್ಷ ಹಾಗೆಯೇ ಇರಬಲ್ಲವು. ಅರಣ್ಯ ಇಲಾಖೆಯ ಅನುಮತಿ ಪಡೆಯುವ ಕ್ರಮ, ಪ್ರವೇಶ ಶುಲ್ಕ, ಮಾಂದಲಪಟ್ಟಿಯ ಜೀಪು ಬಾಡಿಗೆ, ಬಸ್ಸಿನ ಸಮಯ, ರಸ್ತೆಯ ಸ್ಥಿತಿ ಇವು ವರ್ಷಕ್ಕೊಮ್ಮೆ ಹಳಸುತ್ತವೆ. ಇವನ್ನೆಲ್ಲ ಬರಹದ ನಡುನಡುವೆ ಹರಡದೆ ಪುಟದ ತುದಿಯಲ್ಲಿ ಒಂದೇ ಕಡೆ ಇಟ್ಟು, ಮೇಲೆ ‘ಪರಿಶೀಲಿಸಿದ್ದು’ ಎಂದು ತಿಂಗಳು ಮತ್ತು ವರ್ಷ ನಮೂದಿಸಿದರೆ, ನವೀಕರಿಸುವ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ ಮತ್ತು ಓದುಗರಿಗೆ ಎಷ್ಟನ್ನು ನಂಬಬಹುದೆಂದು ತಿಳಿಯುತ್ತದೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ, ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ, ಈ ಭಾಗಗಳನ್ನಷ್ಟೇ ಸಾಲಾಗಿ ನೋಡಿ ತಿದ್ದುವುದು ಒಳ್ಳೆಯ ಅಭ್ಯಾಸ. ಪ್ರವಾಸಿಗರ ದಂಡು ಬರುವುದು ಅದರ ನಂತರವೇ.

ಅನುಭವದ ಕಥನವನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಅದನ್ನು ದಿನಾಂಕದೊಂದಿಗೆ ಬೇರೆ ಪುಟದಲ್ಲಿಟ್ಟು ಸ್ಥಳದ ಪುಟದಿಂದ ಲಿಂಕ್ ಕೊಡಬಹುದು. ಅಂಥ ಪುಟಗಳನ್ನು ಮಾತ್ರ ಎಂದೂ ತಿದ್ದಬಾರದು. 2017ರಲ್ಲಿ ಮಕ್ಕಂದೂರಿನ ಹಾದಿ ಹೇಗಿತ್ತೆಂದು ಬರೆದಿಟ್ಟವರ ಪುಟ ಈಗ ಒಂದು ದಾಖಲೆ.

ಚಿತ್ರ ಮತ್ತು ಭೂಪಟ

ಈಗಿನ ಮೊಬೈಲುಗಳ ಚಿತ್ರವೊಂದು ಮೂರರಿಂದ ಐದು ಎಂಬಿ ತೂಗುತ್ತದೆ. ಅದನ್ನು ಹಾಗೆಯೇ ಏರಿಸಿದರೆ ಹದಿನೈದು ಚಿತ್ರಗಳ ಪುಟವನ್ನು ತೆರೆಯಲು ಕಕ್ಕಬ್ಬೆಯಲ್ಲಿ ನಿಂತ ಓದುಗರಿಂದ ಆಗುವುದಿಲ್ಲ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿದರೆ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ, ತೂಕ ಹತ್ತರಲ್ಲಿ ಒಂದಕ್ಕೆ ಬರುತ್ತದೆ. ಮೂಲ ಚಿತ್ರಗಳನ್ನು ಮಾತ್ರ ಎಂದಿಗೂ ಇಳಿಸದೆ ಬೇರೆ ಇಟ್ಟಿರಬೇಕು. 2005ರಲ್ಲಿ 640 ಪಿಕ್ಸೆಲ್ ಸಾಕೆಂದುಕೊಂಡು ಮೂಲವನ್ನು ಬಿಸಾಡಿದವರ ಜಾಲತಾಣಗಳಲ್ಲಿ ಇಂದು ಚಿತ್ರಗಳು ಅಂಚೆಚೀಟಿಯಷ್ಟು ಕಾಣುತ್ತವೆ.

ಭೂಪಟಕ್ಕೆ ಗೂಗಲ್‌ನ ಸಿದ್ಧ ಚೌಕಟ್ಟನ್ನು ಅಂಟಿಸುವುದು ಸುಲಭ ಮತ್ತು ಉಚಿತ. ಸ್ವಲ್ಪ ಮುಂದುವರಿದು ನಮ್ಮದೇ ಗುರುತುಗಳಿರುವ ಭೂಪಟ ಬೇಕೆಂದರೆ ಗೂಗಲ್ 2018ರಿಂದ ಬಿಲ್ಲಿಂಗ್ ಖಾತೆ ಕೇಳುತ್ತಿದೆ, ಆ ವರ್ಷ ಅನೇಕ ಹವ್ಯಾಸಿ ಜಾಲತಾಣಗಳ ಭೂಪಟಗಳು ಕಪ್ಪಿಟ್ಟವು. ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟ ಮತ್ತು ಅದನ್ನು ಪುಟದಲ್ಲಿ ತೋರಿಸುವ ಲೀಫ್‌ಲೆಟ್ ಎಂಬ ತಂತ್ರಾಂಶದ ಜೋಡಿ ಇದಕ್ಕೆ ಪರ್ಯಾಯ. ಕೊಡಗಿನ ತೋಟದ ರಸ್ತೆಗಳು, ಕಾಲುದಾರಿಗಳು ಅದರಲ್ಲಿ ಇಲ್ಲದಿದ್ದರೆ ನಾವೇ ಸೇರಿಸಲೂ ಬಹುದು. ಯಾವುದನ್ನು ಬಳಸಿದರೂ ಅಕ್ಷಾಂಶ ರೇಖಾಂಶಗಳನ್ನು ಪುಟದಲ್ಲಿ ಅಂಕಿಗಳಾಗಿಯೇ ಬರೆದಿಡಿ. ಭೂಪಟದ ಸೇವೆ ನಿಂತರೂ ಅಂಕಿಗಳು ಉಳಿಯುತ್ತವೆ, ಮತ್ತು ದಶಮಾಂಶದ ನಂತರ ನಾಲ್ಕು ಸ್ಥಾನ ಬರೆದರೆ ಸುಮಾರು ಹನ್ನೊಂದು ಮೀಟರಿನೊಳಗೆ ಜಾಗ ಸಿಗುತ್ತದೆ. ಬ್ರಹ್ಮಗಿರಿ ಎಂಬ ಹೆಸರು ತಲಕಾವೇರಿಯ ಬೆಟ್ಟಕ್ಕೂ ಇದೆ, ಇರ್ಪು ಕಡೆಯಿಂದ ಹತ್ತುವ ಕೇರಳ ಗಡಿಯ ಶಿಖರಕ್ಕೂ ಇದೆ. ಅಂಕಿಗಳಿದ್ದರೆ ಓದುಗರು ಗೊಂದಲಕ್ಕೊಳಗಾಗುವುದಿಲ್ಲ.

ಆದರೆ ಎಲ್ಲ ಸ್ಥಳಗಳ ಅಂಕಿಗಳನ್ನೂ ಕೊಡಬೇಕಿಲ್ಲ. ತೋಟದೊಳಗಿನ ತೊರೆ, ಯಾರದೋ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚಿರುವ ದೇವರಕಾಡುಗಳು, ಇವುಗಳ ನಿಖರ ಜಾಗವನ್ನು ಜಗತ್ತಿಗೆ ತಿಳಿಸುವ ಹಕ್ಕು ನಮಗಿಲ್ಲವೆಂದೇ ನಾನು ಭಾವಿಸುತ್ತೇನೆ. ಚಿತ್ರದೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯೂ ಇದೇ ಕೆಲಸ ಮಾಡುತ್ತದೆ. ಅಂಥ ಚಿತ್ರಗಳ ಪ್ರಕಟಿತ ಪ್ರತಿಯಿಂದ ಅದನ್ನು ತೆಗೆದು, ಮೂಲದಲ್ಲಿ ಮಾತ್ರ ಉಳಿಸಿಕೊಳ್ಳಬೇಕು.

ಹೆಸರು, ನಕಲು, ಮುಂದಿನವರು

ಡೊಮೈನ್‌ಗೆ ವರ್ಷಕ್ಕೆ ಸುಮಾರು ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ಖರ್ಚಾಗುತ್ತದೆ, ಮತ್ತು ಇಡೀ ಯೋಜನೆಯಲ್ಲಿ ಹಣ ಹಾಕಲೇಬೇಕಾದ ಜಾಗ ಇದೊಂದೇ. ವಿಳಾಸ ನಮ್ಮದಾಗಿದ್ದರೆ ಒಳಗಿನ ತಂತ್ರಾಂಶವನ್ನು ಎಷ್ಟು ಸಲ ಬದಲಿಸಿದರೂ ಓದುಗರಿಗೆ ದಾರಿ ತಪ್ಪುವುದಿಲ್ಲ. ಡಾಟ್ ಕಾಮ್, ಡಾಟ್ ಇನ್ ಎರಡನ್ನೂ ಒಮ್ಮೆಗೆ ಹತ್ತು ವರ್ಷದವರೆಗೆ ಕಾಯ್ದಿರಿಸಬಹುದು. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಹೆಸರು ಪಡೆಯಲೂ ಅವಕಾಶವಿದೆ. ಅಭಿಮಾನದ ಸಂಗತಿ ನಿಜ, ಆದರೆ ಅನೇಕ ಕಡೆ ಅಂಟಿಸಿದಾಗ ಅದು ಓದಲಾಗದ ಸಂಕೇತವಾಗಿ ತೋರುವುದರಿಂದ ಎರಡನೆಯ ಹೆಸರಾಗಿ ಇಟ್ಟುಕೊಳ್ಳುವುದು ಸೂಕ್ತ. ಡೊಮೈನ್ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಣಿಯಾಗಿರಬೇಕು. ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿ ನೋಂದಾಯಿಸಿ, ಅವರು ಊರು ಬಿಟ್ಟ ಮೇಲೆ ನವೀಕರಣದ ಸೂಚನೆಯೇ ತಲುಪದೆ ಹೆಸರು ಕಳೆದುಕೊಂಡವರು ಕಡಿಮೆಯಲ್ಲ.

ನಕಲು ಪ್ರತಿಗಳನ್ನು ಇಡುವಾಗ ನಮ್ಮ ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಯ ಗುಡುಗು ಸಿಡಿಲಿಗೆ ಮೋಡೆಮ್, ಕಂಪ್ಯೂಟರ್ ಸುಟ್ಟುಹೋಗದ ಮನೆ ಅಪರೂಪ. ನಕಲಿನ ಹಾರ್ಡ್ ಡಿಸ್ಕನ್ನು ಸದಾ ಜೋಡಿಸಿಟ್ಟಿದ್ದರೆ ಮೂಲದ ಜೊತೆ ಅದೂ ಹೋಗುತ್ತದೆ. ನಕಲು ಮಾಡಿದ ಕೂಡಲೇ ಕಳಚಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಕ್ಯಾಮೆರಾ ಲೆನ್ಸಿಗೆ ಫಂಗಸ್ ಹಿಡಿಸುವ ಮಳೆಗಾಲ ಬೇರೆ ಉಪಕರಣಗಳಿಗೂ ಕರುಣೆ ತೋರುವುದಿಲ್ಲ. ಇನ್ನೊಂದು ಪ್ರತಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿರಲಿ. ಪ್ರಕಟವಾದ ಪುಟಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟರೆ ಅದೂ ಒಂದು ಪ್ರತಿಯನ್ನು ಕಾಪಾಡುತ್ತದೆ.

ಡೊಮೈನ್ ಎಲ್ಲಿ ಕೊಂಡದ್ದು, ಯಾವ ಇಮೇಲ್, ಯಾವ ತಿಂಗಳು ನವೀಕರಣ ಎಂಬ ನಾಲ್ಕು ಸಾಲುಗಳನ್ನು ಕಾಗದದಲ್ಲಿ ಬರೆದು ಮನೆಯ ಮುಖ್ಯ ದಾಖಲೆಗಳ ಜೊತೆ ಇಟ್ಟಿರಬೇಕು. ಗೂಗಲ್‌ನ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ ಮನೆಯವರ ಹೆಸರು ಸೇರಿಸಿದರೆ, ಖಾತೆ ಬಹುಕಾಲ ನಿಷ್ಕ್ರಿಯವಾದಾಗ ಅದರಲ್ಲಿರುವುದನ್ನು ಇಳಿಸಿಕೊಳ್ಳುವ ಅವಕಾಶ ಅವರಿಗೆ ಸಿಗುತ್ತದೆ.

ಈಗಾಗಲೇ ಬೇರೆಡೆ ಬರೆದಿಟ್ಟವರು ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಸಾಗಿಸಲು ಹೊರಡಬಾರದು. ಮೊದಲು ಡೊಮೈನ್ ಕೊಂಡು, ಹಳೆಯ ಬ್ಲಾಗಿಗೇ ಅದನ್ನು ಜೋಡಿಸಿ, ಹೆಚ್ಚು ಓದಿಸಿಕೊಳ್ಳುವ ಹತ್ತು ಪುಟಗಳನ್ನು ಸ್ಥಳದ ಪುಟಗಳಾಗಿ ತಿದ್ದಿಕೊಳ್ಳಲಿ. ಫೇಸ್‌ಬುಕ್‌ನಲ್ಲಿರುವ ಬರಹಗಳನ್ನು ಅದರ ಮಾಹಿತಿ ಇಳಿಸಿಕೊಳ್ಳುವ ಸೌಲಭ್ಯದಿಂದ ಪಡೆಯಬಹುದು, ಆದರೆ ಚಿತ್ರಗಳಿಗೆ ಅಲ್ಲಿಯ ಕುಗ್ಗಿದ ಪ್ರತಿಗಳ ಬದಲು ಹಳೆಯ ಫೋನಿನ ಮೆಮೊರಿ ಕಾರ್ಡನ್ನೇ ಹುಡುಕುವುದು ಮೇಲು. ಮುಂದೆ ಸ್ಥಿರ ಪುಟಗಳಿಗೆ ಹೋಗುವುದಾದರೆ, ಡೊಮೈನನ್ನು ಅತ್ತ ತಿರುಗಿಸುವ ಮುನ್ನ ಹಳೆಯ ಪುಟಗಳ ವಿಳಾಸಗಳನ್ನು ಒಂದು ಪಟ್ಟಿ ಮಾಡಿ, ಹೊಸ ಜಾಲತಾಣದಲ್ಲಿ ಆಯಾ ವಿಳಾಸಕ್ಕೆ ಬಂದವರು ಸರಿಯಾದ ಪುಟಕ್ಕೆ ಹೋಗುವಂತೆ ಮರುನಿರ್ದೇಶನ ಹಾಕಿಕೊಳ್ಳಬೇಕು. ಹಳೆಯ ಬ್ಲಾಗನ್ನು, ಅದರಲ್ಲಿರುವ ಪ್ರತಿಯೊಂದು ಚಿತ್ರವೂ ಹೊಸ ಪುಟಗಳಲ್ಲಿ ತೆರೆದುಕೊಳ್ಳುತ್ತಿದೆ ಎಂದು ಖಚಿತವಾಗುವವರೆಗೆ, ಕನಿಷ್ಠ ಒಂದು ವರ್ಷವಾದರೂ ಅಳಿಸದೆ ಬಿಟ್ಟಿರಬೇಕು.